ಅವಸರ ಯಾರಿಗೆ?

"ಇವತ್ತು ಕೊಳ್ಳೋರು ಜಾಸ್ತಿ ಇದ್ರು, ಅದಕ್ಕೇ ಷೇರು ಏರಿತು."

ಟೀವಿಯಲ್ಲಿ, ಯೂಟ್ಯೂಬಿನಲ್ಲಿ, ನಮ್ಮ ಕಡೆ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತನ್ನ ದಿನಾ ಕೇಳ್ತೀವಿ. ಒಂದು ಕ್ಷಣ ಯೋಚನೆ ಮಾಡಿ ನೋಡಿ. ಮಾರಾಟವಾದ ಪ್ರತಿಯೊಂದು ಷೇರನ್ನೂ ಯಾರೋ ಒಬ್ಬರು ಕೊಂಡೇ ಇರ್ತಾರೆ. ಒಂದು ಲಕ್ಷ ಷೇರು ಕೈ ಬದಲಾಯಿಸಿದೆ ಅಂದ್ರೆ ಕೊಂಡಿದ್ದೂ ಒಂದು ಲಕ್ಷ, ಮಾರಿದ್ದೂ ಒಂದು ಲಕ್ಷ. ಹಾಗಾದ್ರೆ ಈ 'ಜಾಸ್ತಿ' ಅಂದ್ರೆ ಏನು ಮಾರಾಯ್ರೆ?

ನನ್ನ ಪ್ರಕಾರ ಜನರನ್ನ ಎಣಿಸೋದ್ರಿಂದ ಏನೂ ಸಿಗಲ್ಲ. ಅವಸರ ಯಾರಿಗಿದೆ ಅಂತ ನೋಡ್ಬೇಕು. ಕೊಳ್ಳುವವನಿಗೆ ಅವಸರ ಇದ್ರೆ ರೇಟು ಏರುತ್ತೆ, ಮಾರುವವನಿಗೆ ಅವಸರ ಇದ್ರೆ ಇಳಿಯುತ್ತೆ. ಕೊಳ್ಳುವ ಒತ್ತಡ, ಮಾರುವ ಒತ್ತಡ ಅಂತ ದೊಡ್ಡ ದೊಡ್ಡ ಹೆಸರಿಟ್ಟು ಹೇಳೋದೆಲ್ಲ ಇಷ್ಟೇ.

ಇದನ್ನ ಅರ್ಥ ಮಾಡಿಕೊಳ್ಳೋಕೆ ಮುಂಬೈಗೆ ಹೋಗಬೇಕಾಗಿಲ್ಲ. ನಮ್ಮ ಹೊನ್ನಾವರ, ಭಟ್ಕಳ, ಕುಮಟಾ ಸಾಕು.

ಹೊನ್ನಾವರದ ಕಾಸರಕೋಡಿನಲ್ಲಿ ಬೋಟು ದಡಕ್ಕೆ ಬಂದಾಗ ಮೀನಿನ ಹರಾಜು ನೋಡಿ. ಬಂಗಡೆ ರಾಶಿ ಬಿದ್ದ ದಿನ ಬೋಟಿನವರಿಗೆ ಕಾಯೋಕೆ ಆಗಲ್ಲ. ಮೀನು ಕಾಯಲ್ವಲ್ಲ! ಮಂಜುಗಡ್ಡೆ ಕರಗ್ತಾ ಇರುತ್ತೆ, ಹಿಂದೆ ಇನ್ನೊಂದು ಬೋಟು ಬರ್ತಾ ಇರುತ್ತೆ. ಕೊಳ್ಳೋರು ಐವತ್ತು ಜನ ಸುತ್ತ ನಿಂತಿದ್ರೂ ರೇಟು ಇಳಿಯುತ್ತೆ. ಅಲ್ಲಿ ಅವಸರ ಮಾರುವವನದ್ದು.

ಭಟ್ಕಳದ ಮಲ್ಲಿಗೆಗೆ ಬನ್ನಿ. ಹೂವೂ ಬಾಡುವ ವಸ್ತುವೇ, ಮಾರುವವರಿಗೆ ದಿನಾ ಅವಸರ ಇದ್ದೇ ಇರುತ್ತೆ. ಆದ್ರೆ ಮದುವೆ ದಿನಗಳಲ್ಲಿ ಅದಕ್ಕಿಂತ ದೊಡ್ಡ ಅವಸರ ಕೊಳ್ಳುವವನಿಗೆ ಬರುತ್ತೆ. ಮುಹೂರ್ತವನ್ನ ನಾಳೆಗೆ ಹಾಕೋಕೆ ಆಗುತ್ತಾ? ಹೇಳಿದಷ್ಟು ಕೊಟ್ಟು ತಗೊಂಡು ಹೋಗ್ತಾರೆ.

ಇನ್ನು ಕುಮಟೆಯ ಅಡಿಕೆ. ಇಲ್ಲಿ ಕಥೆಯೇ ಬೇರೆ. ಚಾಲಿ ಅಡಿಕೆಯನ್ನ ಒಣಗಿಸಿ ಇಟ್ಟರೆ ಮುಂದಿನ ವರ್ಷಕ್ಕೂ ಮಾರಬಹುದು. ಕುಮಟಾ ಎಪಿಎಂಸಿ ದರಪಟ್ಟಿಯಲ್ಲಿ ಹೊಸ ಚಾಲಿ, ಹಳೆ ಚಾಲಿ ಅಂತ ಬೇರೆ ಬೇರೆ ರೇಟೇ ಇರುತ್ತೆ. ಟೆಂಡರಿನಲ್ಲಿ ಬಂದ ರೇಟು ಹಿಡಿಸದಿದ್ರೆ ಬೆಳೆಗಾರ ಸುಮ್ಮನೆ ಕೂರಬಹುದು. ಆದ್ರೆ ಅದೇ ಅಡಿಕೆ ಇಟ್ಟುಕೊಂಡು, ಸೊಸೈಟಿ ಸಾಲದ ಗಡುವು ತಲೆ ಮೇಲೆ ಬಂದವನು ಕೂರೋಕೆ ಆಗಲ್ಲ. ಒಂದೇ ಮಾಲು, ಒಂದೇ ದಿನ. ಒಬ್ಬನಿಗೆ ಅವಸರ ಇದೆ, ಇನ್ನೊಬ್ಬನಿಗೆ ಇಲ್ಲ. ವ್ಯತ್ಯಾಸ ಅಡಿಕೆಯಲ್ಲಿಲ್ಲ, ಸಾಲದಲ್ಲಿದೆ. ಈ ಸಾಲದ ವಿಷಯ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಈಗ ಮೊಬೈಲ್ ಪರದೆಗೆ ಬರೋಣ. ಒಂದು ಷೇರಿಗೆ ಕೊಳ್ಳುವವರು 100 ರೂಪಾಯಿ ಕೊಡ್ತೀವಿ ಅಂತ ಸಾಲಾಗಿ ನಿಂತಿದ್ದಾರೆ, ಮಾರುವವರು 100 ರೂಪಾಯಿ 10 ಪೈಸೆ ಬೇಕು ಅಂತ ನಿಂತಿದ್ದಾರೆ ಅಂತಿಟ್ಟುಕೊಳ್ಳಿ. ಹೀಗೆ ನಿಂತವರಿಗೆ ಯಾರಿಗೂ ಅವಸರ ಇಲ್ಲ. ಅಷ್ಟರಲ್ಲಿ ಒಬ್ಬ ಬಂದು "ಸರಿ, 100.10 ನಾನೇ ಕೊಡ್ತೀನಿ" ಅಂತ ತಗೊಂಡ್ರೆ ಅದು ಕೊಳ್ಳುವವನ ಅವಸರ. ಇನ್ನೊಬ್ಬ ಬಂದು "ನೂರಕ್ಕೇ ಕೊಟ್ಬಿಡ್ತೀನಿ" ಅಂದ್ರೆ ಅದು ಮಾರುವವನ ಅವಸರ. ವ್ಯಾಪಾರ ಯಾವ ಕಡೆಯ ರೇಟಿನಲ್ಲಿ ಮುಗೀತು ಅನ್ನೋದೇ ಗುರುತು.

ಆದ್ರೆ ನಮ್ಮ ಹುಡುಗರು ನೋಡೋದು ಕೆಳಗಿರುವ ಇನ್ನೊಂದು ಅಂಕಿಯನ್ನ: ಒಟ್ಟು ಕೊಳ್ಳುವ ಆರ್ಡರ್ ಇಷ್ಟು, ಒಟ್ಟು ಮಾರುವ ಆರ್ಡರ್ ಇಷ್ಟು. ಕೊಳ್ಳುವ ಕಡೆ ದುಪ್ಪಟ್ಟು ಇದ್ರೆ "ಏರುತ್ತೆ, ತಗೋ" ಅಂತಾರೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ, ಆ ಅಂಕಿ ಬರೀ ಮಾತು. ಹಾಕಿದ ಆರ್ಡರನ್ನ ಕಣ್ಣು ಮಿಟುಕಿಸೋದರೊಳಗೆ ವಾಪಸ್ ತಗೊಳ್ಳಬಹುದು. ಎಕ್ಸ್‌ಚೇಂಜಿನ ಪಕ್ಕದಲ್ಲೇ ಸರ್ವರ್ ಇಟ್ಟುಕೊಂಡ ಪ್ರೋಗ್ರಾಮುಗಳು ದಿನವಿಡೀ ಮಾಡೋದೇ ಅದನ್ನ. ಇನ್ನೊಂದು ಕಡೆ, ದೊಡ್ಡ ಆರ್ಡರಿನ ಒಂದು ಪಾಲನ್ನ ಮಾತ್ರ ತೋರಿಸಿ ಉಳಿದದ್ದನ್ನ ಮರೆಮಾಡುವ ಸೌಲಭ್ಯವನ್ನ ಎಕ್ಸ್‌ಚೇಂಜೇ ಕೊಡುತ್ತೆ. ಅಂದ್ರೆ ಕಾಣೋದು ನಿಜ ಇರಬೇಕಾಗಿಲ್ಲ, ನಿಜವಾಗಿ ಇರೋದು ಕಾಣಬೇಕಾಗಿಲ್ಲ :-)

ಲಂಡನ್ನಿನ ನವೀಂದರ್ ಸರಾವ್ ಮನೆಯಲ್ಲೇ ಕೂತು ಮಾಡ್ತಿದ್ದದ್ದು ಇದನ್ನೇ. ಮಾರುವ ಉದ್ದೇಶವೇ ಇಲ್ಲದ ಭಾರೀ ಮಾರಾಟದ ಆರ್ಡರುಗಳನ್ನ ಹಾಕೋದು, ಬೇರೆಯವರು ಹೆದರಿ ಮಾರುವಾಗ ಅವನ್ನ ರದ್ದು ಮಾಡೋದು. 2010ರ ಮೇ 6ರಂದು ಅಮೆರಿಕದ ಪೇಟೆ ನಿಮಿಷಗಳಲ್ಲಿ ಕುಸಿದು ಎದ್ದಿತಲ್ಲ, ಆ ದಿನವೂ ಆತ ಈ ಆಟ ಆಡಿದ್ದ. 2016ರಲ್ಲಿ ತಪ್ಪೊಪ್ಪಿಕೊಂಡ.

ನಮ್ಮಲ್ಲೇ ಬೇಕಾ? 2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಮೇಲೆ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ರೂಪಾಯಿ ಮುಟ್ಟುಗೋಲಿಗೆ ಹೇಳಿತು. ಆದೇಶದಲ್ಲಿ ವಿವರಿಸಿದ ಒಂದು ದಿನ 2024ರ ಜನವರಿ 17. ಸೆಬಿ ಹೇಳುವ ಪ್ರಕಾರ, ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಷೇರು ಮತ್ತು ಫ್ಯೂಚರುಗಳನ್ನ ಸಾವಿರಾರು ಕೋಟಿಗೆ ಕೊಂಡರು, ಜೊತೆಗೇ ಆಪ್ಷನ್ನುಗಳಲ್ಲಿ ಇಳಿತದ ಮೇಲೆ ಅದಕ್ಕಿಂತ ಎಷ್ಟೋ ದೊಡ್ಡ ಬಾಜಿ ಕಟ್ಟಿದರು, ಆಮೇಲೆ ಕೊಂಡದ್ದನ್ನೆಲ್ಲ ಮಾರಿದರು. ಕಂಪನಿ ಈ ಆರೋಪವನ್ನ ಒಪ್ಪಿಲ್ಲ, ಮೇಲ್ಮನವಿಗೂ ಹೋಗಿದೆ. ತೀರ್ಪಿನ ಮಾತು ಬದಿಗಿಡಿ. ಆ ಬೆಳಿಗ್ಗೆ ನಡೆದ ಖರೀದಿ ಸುಳ್ಳು ಆರ್ಡರ್ ಅಲ್ಲ, ನಿಜವಾದ ದುಡ್ಡು ಕೊಟ್ಟು ಮಾಡಿದ ಖರೀದಿ. ಪರದೆ ಮೇಲೆ ಅಪ್ಪಟ ಕೊಳ್ಳುವ ಒತ್ತಡವಾಗೇ ಕಂಡಿರುತ್ತೆ. ಹಾಗಾದ್ರೆ ಅವಸರವನ್ನ ಗುರುತಿಸಿದರೂ ಸಾಲದು, ಅದು ಯಾಕೆ ಬಂತು ಅಂತ ಗೊತ್ತಾಗಬೇಕು.

ಇಲ್ಲಿ ನಮ್ಮ ಕುಮಟೆಯದ್ದೇ ಒಂದು ಹಳೆ ಕಥೆ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಿತು. ಲ್ಯಾಂಕಶೈರಿನ ಗಿರಣಿಗಳು ಹತ್ತಿಗಾಗಿ ಒದ್ದಾಡಿದವು. ಆಗ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದ್ರೂ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ! ಉತ್ತರ ಕನ್ನಡವನ್ನ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ ಇದೇ ಕಾಲದಲ್ಲಿ, 1862ರಲ್ಲಿ.

ಹತ್ತಿಗೆ ಇದ್ದದ್ದು ನಿಜವಾದ ಕೊಳ್ಳುವ ಒತ್ತಡ. ಗಿರಣಿ ನಡೀಬೇಕು, ಹತ್ತಿ ಬೇಕೇ ಬೇಕು. ಆದ್ರೆ ಆ ಹತ್ತಿಯ ದುಡ್ಡು ಮುಂಬೈಗೆ ಬಂದು ಬಿದ್ದಾಗ ಇನ್ನೊಂದು ಆಟ ಶುರುವಾಯ್ತು. ಪ್ರೇಮಚಂದ್ ರಾಯಚಂದ್ ಅವರ ಕಾಲ ಅದು. ಸಮುದ್ರ ತುಂಬಿಸಿ ನೆಲ ಮಾಡುವ ಬ್ಯಾಕ್ ಬೇ ಕಂಪನಿ, ಹೊಸ ಹೊಸ ಬ್ಯಾಂಕು, ಎಲ್ಲದರ ಷೇರಿಗೂ ನೂಕುನುಗ್ಗಲು. ಕೊಂಡವರಲ್ಲಿ ಎಷ್ಟೋ ಜನರ ಹತ್ತಿರ ದುಡ್ಡಿರಲಿಲ್ಲ. ಸಾಲ ಮಾಡಿ, ಇಲ್ಲಾ 1865ರ ಜುಲೈ 1ಕ್ಕೆ ಲೆಕ್ಕ ಚುಕ್ತಾ ಮಾಡ್ತೀವಿ ಅಂತ ಮಾತು ಕೊಟ್ಟು ಕೊಂಡಿದ್ರು. ಅದೇ ವರ್ಷ ಏಪ್ರಿಲ್‌ನಲ್ಲಿ ಯುದ್ಧ ಮುಗೀತು, ಹತ್ತಿ ರೇಟು ಬಿತ್ತು, ಜುಲೈ 1 ಬಂತು. ನಿನ್ನೆ ಕೊಳ್ಳೋಕೆ ಅವಸರ ಮಾಡಿದವರೇ ಇವತ್ತು ಮಾರೋಕೆ ಅವಸರ ಮಾಡಿದರು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳೀತು.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ಸೋದು ಇದು: ಸಾಲದ ದುಡ್ಡಿನಲ್ಲಿ ಕೊಂಡದ್ದು ನಾಳೆಯ ಮಾರಾಟ. ಇವತ್ತಿನ ಇಂಟ್ರಾಡೇ ಕೂಡ ಅಷ್ಟೇ ತಾನೇ? ಬ್ರೋಕರ್ ಕೊಟ್ಟ ಮಾರ್ಜಿನ್ನಿನಲ್ಲಿ ಬೆಳಿಗ್ಗೆ ಕೊಂಡವನು ಮೂರೂವರೆಗೆ ಪೇಟೆ ಮುಚ್ಚೋದರೊಳಗೆ ಮಾರಲೇಬೇಕು. ತಾನಾಗಿ ಮಾರದಿದ್ರೆ ಬ್ರೋಕರ್ ಮಾರ್ತಾನೆ. ಬೆಳಿಗ್ಗೆ ಹತ್ತಕ್ಕೆ ಹಸಿರು ಪಟ್ಟಿ ನೋಡಿ 'ಕೊಳ್ಳುವ ಒತ್ತಡ' ಅಂತ ಕುಣಿಯುವವನು, ಮಧ್ಯಾಹ್ನ ಮೂರರ ಮಾರುವ ಒತ್ತಡ ತಾನೇ ಅನ್ನೋದನ್ನ ಮರೆತಿರ್ತಾನೆ. ಕೈಯಲ್ಲಿ ಮೀನು ಹಿಡಿದು ಕರಗುವ ಮಂಜುಗಡ್ಡೆ ನೋಡ್ತಾ ನಿಂತವನ ಸ್ಥಿತಿಯೇ ಅವನದ್ದು.

ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಈ ಆಟಕ್ಕೆ ಇಳೀತಿರೋರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಸೆಬಿಯ 2024ರ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರುಗಳ ಇಂಟ್ರಾಡೇ ಮಾಡಿದವರಲ್ಲಿ ಸುಮಾರು ಅರ್ಧದಷ್ಟು, ಅಂದ್ರೆ ಶೇ. 48 ಮಂದಿ, 30 ವರ್ಷದೊಳಗಿನವರು. ಒಟ್ಟಾರೆ ಶೇ. 71 ಜನ ಕಳಕೊಂಡಿದ್ರೆ ಈ ವಯಸ್ಸಿನವರಲ್ಲಿ ಶೇ. 76. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇನ್ನೂ ಕೆಟ್ಟದು: ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಮೀರಿದ ಜನರಲ್ಲಿ ಶೇ. 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಮ್ಮೂರುಗಳಲ್ಲಿ ಆ ದುಡ್ಡು ಬರೋದು ಎಲ್ಲಿಂದ? ದುಬೈನಿಂದ ಅಣ್ಣ ಕಳಿಸಿದ್ದು, ಅಪ್ಪ ಅಡಿಕೆ ಮಾರಿದ್ದು, ಅಕ್ಕನ ಮದುವೆಗೆ ಅಂತ ಇಟ್ಟದ್ದು.

ಒತ್ತಡವನ್ನ ಗುರುತಿಸಲೇಬೇಕು ಅನ್ನೋರಿಗೆ ನಾನು ಹೇಳೋದು ಎರಡೇ ಮಾತು. ಒಂದು, ಹಾಕಿದ ಆರ್ಡರ್ ನೋಡಬೇಡಿ, ಮುಗಿದ ವ್ಯಾಪಾರ ನೋಡಿ. ಭಾರೀ ಖರೀದಿ ನಡೆದೂ ರೇಟು ಏರದೇ ಕೂತಿದ್ರೆ ಎದುರಿಗೆ ಯಾರೋ ಸದ್ದಿಲ್ಲದೆ ಮಾರ್ತಿದ್ದಾರೆ ಅಂತ ತಿಳೀರಿ. ಎರಡು, ದಿನದ ಕೊನೆಗೆ ಎಕ್ಸ್‌ಚೇಂಜ್ ಪ್ರಕಟಿಸುವ ಡೆಲಿವರಿ ಪ್ರಮಾಣ ನೋಡಿ. ಹರಾಜಿನಲ್ಲಿ ಕೂಗಿದವರೆಷ್ಟು ಅನ್ನೋದಕ್ಕಿಂತ ಬುಟ್ಟಿ ಹೊತ್ತು ಮನೆಗೆ ಹೋದವರೆಷ್ಟು ಅನ್ನೋದು ಮುಖ್ಯ.

ಇಷ್ಟು ನೋಡಿದ ಮೇಲೂ ಅವಸರ ಯಾರದ್ದು, ಯಾಕೆ ಅಂತ ಎಷ್ಟೋ ಸಲ ಗೊತ್ತಾಗಲ್ಲ. ಕಾಸರಕೋಡಿನಲ್ಲಿ ಎದುರಿಗಿದ್ದವನ ಮುಖ ಕಾಣುತ್ತೆ, ಪರದೆಯಲ್ಲಿ ಕಾಣಲ್ಲ. ಆದ್ರೆ ಒಬ್ಬನ ಅವಸರ ಮಾತ್ರ ಖಂಡಿತ ನಮ್ಮ ಕೈಯಲ್ಲಿದೆ, ಅದು ನಮ್ಮದೇ. ಸಾಲ ಇಲ್ಲದೆ, ನಾಳೆಗೇ ಬೇಕಾದ ದುಡ್ಡು ಹಾಕದೆ ಕೊಂಡವನು ಚಾಲಿ ಇಟ್ಟುಕೊಂಡ ಬೆಳೆಗಾರನ ಹಾಗೆ. ರೇಟು ಹಿಡಿಸದಿದ್ರೆ ಸುಮ್ಮನೆ ಕೂರಬಹುದು. ಹಾಗೆ ಕೂರೋಕೆ ಆಗದವರು ಈ ಪೇಟೆಗೆ ಬರದೇ ಇರೋದೇ ಒಳ್ಳೇದು ಅಂತ ನನ್ನ ಅನಿಸಿಕೆ.

ನೀವೇನಂತೀರಿ?