ಎರಡನೆಯ ಕೊಡದ ನೀರು

ಸಂಜೆಯಾದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಾಯಿ ಮಲ್ಲಿಗೆ ಹೂವಿಗೆ ಚೌಕಾಸಿ ಮಾಡುತ್ತಿದ್ದರೆ, ಗಿರಮಿಟ್ಟಿನ ಪೊಟ್ಟಣ ಹಿಡಿದ ಮಗಳ ಮನಸ್ಸೆಲ್ಲ ಚೀಲದಲ್ಲಿರುವ ಇಂಗ್ಲಿಷ್ ಕಾದಂಬರಿಯ ಮೇಲೆ. ಸಿಂಡರೆಲ್ಲಾಳಂಥ ಹಳೆಯ ಕಥೆಗೆ ಪ್ರಣಯ, ಮಾಯಾಜಾಲ ಬೆರೆಸಿ ನಾಲ್ಕೈದು ಸಂಪುಟಗಳಲ್ಲಿ ಹೇಳುವ ಪುಸ್ತಕಗಳು ಇಂದಿನ ಮಕ್ಕಳಿಗೆ ಅಚ್ಚುಮೆಚ್ಚು. ಓದುವ ಮಕ್ಕಳನ್ನು ಗದರಿಸಬೇಕಾಗಿಲ್ಲ. ಆದರೆ ಅಂಥದೇ ಕಥೆ ಕನ್ನಡದ ಅಡಿಗೆಮನೆಗಳಲ್ಲೂ ಇತ್ತೆಂಬುದು ಅವರಿಗೂ ಪಾಲಕರಿಗೂ ತಿಳಿದಿರಲಿ.

ಎ. ಕೆ. ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗ ಜನರ ಬಾಯಿಂದ ಕಥೆ ಕೇಳಿ ಬರೆದುಕೊಳ್ಳುತ್ತಿದ್ದರು. ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರೂ ಆ ಕಥೆಗಳ ಗಂಟನ್ನು ಕೈಬಿಡಲಿಲ್ಲ. 1991ರಲ್ಲಿ ಭಾರತದ 22 ಭಾಷೆಗಳ ಕಥೆಗಳನ್ನು ಒಂದೆಡೆ ತಂದರು. ಕನ್ನಡದ ಕಥೆಗಳದ್ದೇ ಪುಸ್ತಕ ಅಚ್ಚಾಗುವುದನ್ನು ನೋಡುವ ಮೊದಲೇ, 1993ರಲ್ಲಿ ತೀರಿಕೊಂಡರು. ವಿದ್ವಾಂಸರಾದ ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಅದನ್ನು ಸಂಪಾದಿಸಿ 1997ರಲ್ಲಿ ಹೊರತಂದರು. 77 ಕಥೆಗಳ ಆ ಸಂಗ್ರಹ ಹೂಬಿಡುವ ಮರದ ಕಥೆಯ ಹೆಸರನ್ನೇ ಹೊತ್ತಿದೆ.

ಕಥೆ ಇಷ್ಟು. ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯಳ ಮೇಲೆ ಒಂದು ಕೊಡ ನೀರು ಸುರಿದರೆ ಅವಳು ಹೂವಿನ ಮರವಾಗುತ್ತಾಳೆ. ಉಗುರು ತಾಗದಂತೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆ ನಡೆಯುತ್ತದೆ. ಗುಟ್ಟು ತಿಳಿದ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಆದರೆ ಅವನೂ ಕೇಳುವುದು ಅದನ್ನೇ: ಮರವಾಗು, ಹೂ ಕೊಡು. ಒಂದು ದಿನ ನಾದಿನಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಪೀಡಿಸಿ ಮರ ಮಾಡಿಸುತ್ತಾಳೆ. ಹುಡುಗಿಯರು ಟೊಂಗೆ ಮುರಿದು ಹೂ ಕೀಳುತ್ತಾರೆ. ಅರೆಬರೆ ನೀರು ಚೆಲ್ಲಿ ಮನೆಗೆ ಓಡುತ್ತಾರೆ. ಅವಳು ಕೈಕಾಲಿಲ್ಲದ ದೇಹವಾಗಿ ಚರಂಡಿಯಲ್ಲಿ ಬೀಳುತ್ತಾಳೆ. ಹತ್ತಿ ಗಾಡಿಯವನೊಬ್ಬ ಎತ್ತಿ ಕಾಪಾಡುತ್ತಾನೆ. ಬೈರಾಗಿಯಂತೆ ಅಲೆದ ಗಂಡ ಕೊನೆಗೆ ಅವಳನ್ನು ಗುರುತಿಸಿ, ಮೊದಲ ಕೊಡ ಸುರಿದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಜೋಡಿಸಿ, ಎರಡನೆಯ ಕೊಡ ಸುರಿಯುತ್ತಾನೆ. ಅವಳು ಪೂರ್ತಿ ಹೆಣ್ಣಾಗುತ್ತಾಳೆ.

ಗಂಡು ನಾಯಕನ ಕಥೆ ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತದೆ. ಹೆಂಗಸರು ಹೇಳುವ ಹೆಣ್ಣಿನ ಕಥೆಯಲ್ಲಿ ನಿಜವಾದ ಕಷ್ಟ ಮದುವೆಯ ನಂತರವೇ ಶುರುವಾಗುತ್ತದೆ ಎಂಬುದು ರಾಮಾನುಜನ್ ಅವರ ವಿವೇಚನೆ. ಕಾಲೇಜಿನ ಹುಡುಗಿಯರು ಹುಡುಗರು ಇಬ್ಬರೂ ಈ ಮಾತನ್ನು ತೂಗಿ ನೋಡಬೇಕು. ಇಲ್ಲಿ ರಾಜಕುಮಾರನ ಪ್ರೀತಿ ಸಾಬೀತಾಗುವುದು ಹೂವಿನ ಹಾಸಿಗೆಯಲ್ಲಲ್ಲ, ಟೊಂಗೆ ಜೋಡಿಸುವ ತಾಳ್ಮೆಯಲ್ಲಿ.

ಕಥೆ ಬಹುದೂರ ಹೋಯಿತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಚಿತ್ರವಾಗಿಸಿದರು. ಅಮೆರಿಕದ ಜಾನ್ ಆಡಮ್ಸ್ ಸಂಯೋಜಿಸಿದ ಆಪೆರಾ 2006ರಲ್ಲಿ ವಿಯೆನ್ನಾದಲ್ಲಿ ರಂಗವೇರಿತು. ಕಾರ್ನಾಡರ ‘ನಾಗಮಂಡಲ’ದ ಮೂಲವೂ ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳೇ.

ಪಾಲಕರಿಗೂ ಇಲ್ಲಿ ಒಂದು ಮಾತಿದೆ. ಮಗಳು ಚೆನ್ನಾಗಿ ಹಾಡುತ್ತಾಳೆಂದರೆ ಬಂದ ಬೀಗರೆದುರೆಲ್ಲ ಹಾಡಿಸುವುದು, ಮಗ ತೊಂಬತ್ತು ಅಂಕ ತಂದರೆ ಉಳಿದ ಹತ್ತು ಎಲ್ಲಿ ಎನ್ನುವುದು ಎಷ್ಟು ಮನೆಗಳಲ್ಲಿಲ್ಲ? ಹೂ ಬೇಕಾದಾಗ ಮೊದಲ ಕೊಡ ಸುರಿಯಲು ಎಲ್ಲರೂ ಮುಂದು. ಪರೀಕ್ಷೆ ಮುಗಿಸಿ ಬಾಡಿ ಬಂದ ಮಗುವನ್ನು ಮತ್ತೆ ಮಗುವಾಗಿಸುವ ಎರಡನೆಯ ಕೊಡವನ್ನು ತುಂಬಿಟ್ಟವರು ಎಷ್ಟು ಜನ?

ಈ ರಜೆಯಲ್ಲಿ ಮಕ್ಕಳು ತಮ್ಮ ಕಾದಂಬರಿಯ ಕಥೆಯನ್ನು ಅಜ್ಜಿಗೆ ಹೇಳಲಿ, ಪ್ರತಿಯಾಗಿ ಅಜ್ಜಿಯ ಒಂದು ಕಥೆ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ರಾಮಾನುಜನ್ ಬೆಳಗಾವಿಯಲ್ಲಿ ಮಾಡಿದ್ದೂ ಇದನ್ನೇ. ಅದಕ್ಕೆ ಬೇಕಾದದ್ದು ಒಂದು ಪೆನ್ನು, ಕೇಳುವ ವ್ಯವಧಾನ, ಮತ್ತು ಇನ್ನೂ ಕಥೆ ನೆನಪಿರುವ ಒಬ್ಬ ಅಜ್ಜಿ. ಮೊದಲ ಎರಡು ಯಾವಾಗಲೂ ಸಿಕ್ಕಾವು. ಮೂರನೆಯದಕ್ಕೆ ಕಾಲದ ಮಿತಿಯಿದೆ.