ಹಾಸುಗಲ್ಲಿನ ಕಲೆ: ನಿದಾನವೂ ನಿಧಾನವೂ

ತಾಮ್ರ ಹಿತ್ತಾಳೆಗಳ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ವಿಷಯವನ್ನು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆನಷ್ಟೆ. ಅದನ್ನೋದಿದ ಸೋದರಿಯೊಬ್ಬರು, “ಅದೇ ಹುಣಸೆಹಣ್ಣಿನಿಂದ ಅಂಗಳದ ಫರಸಿಕಲ್ಲನ್ನೂ ಬೆಳಗಬಹುದೇ?” ಎಂದು ಕೇಳಿದ್ದಾರೆ. ಬೆಳಗಬಾರದು. ಉತ್ತರವು ಒಂದೇ ಮಾತಿನದಾದರೂ ಅದನ್ನು ನಾನು ಕಲಿತುದು ಒಂದು ಒಳ್ಳೆಯ ಹಾಸುಗಲ್ಲನ್ನು ಕೆಡಿಸಿದ ಮೇಲೆ. ಆದುದರಿಂದ ತುಸು ವಿಸ್ತರಿಸಿ ಹೇಳುವೆನು.

ಸುರಪುರದ ನಾಯಕರ ಕಾಲದ ಕೋಟೆಯುಳ್ಳ ನಮ್ಮ ವನದುರ್ಗದಲ್ಲಿ, ನನ್ನ ಮನೆಯ ತುಲಸಿಕಟ್ಟೆಯ ಮುಂದೆ ಶಹಾಬಾದದ ಹಾಸುಗಲ್ಲೊಂದಿದೆ. ನನ್ನ ತಾಯಿಯವರು ನಾಲ್ವತ್ತು ವರ್ಷ ದೀಪ ಹಚ್ಚಿದ ಸ್ಥಳವದು. ಕಾಲ್ತುಳಿತದಿಂದ ಕಲ್ಲು ಕನ್ನಡಿಯಂತೆ ನುಣುಪಾಗಿತ್ತು. ನಡುವೆ ಅಂಗೈಯಗಲದ ಎಣ್ಣೆಯ ಕಲೆಯಿತ್ತು. ಒಂದು ದೀಪಾವಳಿಯ ಮುನ್ನಾದಿನ ಅದನ್ನು ತೆಗೆಯಲು ಹುಣಸೆಯ ರಸ ಹಚ್ಚಿದೆನು. ಅದು ಸಾಲದೆಂದು ಬಚ್ಚಲು ತೊಳೆಯುವ ಆ್ಯಸಿಡ್ಡನ್ನೂ ಸುರಿದೆನು. ನೊರೆಯೆದ್ದಿತು. ಕೊಳೆಯೇ ಕುದಿದು ಹೋಗುತ್ತಿದೆಯೆಂದು ಹಿಗ್ಗಿದೆನು. ಸಂಜೆ ಒಣಗಿದಾಗ ನೋಡಿದರೆ, ಮೊರದಗಲದ ಜಾಗ ಬಿಳಿಚಿ ಒರಟಾಗಿತ್ತು. ಎಣ್ಣೆಯ ಕಲೆ ಮಾತ್ರ ನಡುವೆ ಹಾಗೆಯೇ ಕುಳಿತಿತ್ತು. ಮರುವಾರ ಬಂದ ಕಲ್ಲುಕೆಲಸದ ಹಿರಿಯನು ಅದರ ಮೇಲೆ ಬೆರಳಾಡಿಸಿ, “ಕಲೆ ಹೋಗಿಲ್ರೀ ಮಾಸ್ತರ್ರೇ, ಕಲ್ಲೇ ಹೋಗ್ಯಾದ” ಎಂದನು. ಅಷ್ಟು ವರ್ಷ ಪಾಠ ಹೇಳಿದವನಿಗೆ ಆ ದಿನ ಪಾಠವಾಯಿತು.

ಇದರ ಕಾರಣವು ಸರಳವಾಗಿದೆ. ಶಹಾಬಾದದ ಕಲ್ಲು ಸುಣ್ಣದ ಕಲ್ಲಿನ ಜಾತಿಯದು. ಶಹಾಬಾದ, ವಾಡಿ, ಸೇಡಂಗಳ ಸೀಮೆಯಲ್ಲಿ ಇಂಥ ಕಲ್ಲನ್ನೇ ಸುಟ್ಟು ಸಿಮೆಂಟು ಮಾಡುತ್ತಾರೆ. ಅದರ ಮುಖ್ಯಾಂಶವಾದ ಕ್ಯಾಲ್ಸಿಯಂ ಕಾರ್ಬೊನೇಟು ಹುಳಿಯು ತಗುಲಿದೊಡನೆ ಕರಗಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ನಾನು ಕಂಡ ನೊರೆ ಅದೇ, ಕೊಳೆಯದಲ್ಲ, ಕಲ್ಲಿನದು. ಹುಣಸೆ, ಲಿಂಬೆ, ವಿನೆಗರುಗಳು ಮೆಲ್ಲನೆ ಮಾಡುವ ಕೇಡನ್ನು ಆ್ಯಸಿಡ್ಡು ಕ್ಷಣದಲ್ಲಿ ಮಾಡುತ್ತದೆ. ಶಹಾಪುರ ಸುರಪುರಗಳ ಗುಡ್ಡಗಳ ಗ್ರಾನೈಟು ಬೇರೆ ಜಾತಿಯದು; ಅದು ಹುಳಿಗೆ ಹೀಗೆ ನೊರೆಯೇಳುವುದಿಲ್ಲ. ನಿಮ್ಮ ಕಲ್ಲು ಯಾವುದೆಂದು ತಿಳಿಯದಿದ್ದರೆ, ಮೂಲೆಯಲ್ಲಿ ಯಾರಿಗೂ ಕಾಣದೆಡೆ ಒಂದು ಹನಿ ಲಿಂಬೆರಸ ಬಿಟ್ಟು ನೋಡಿರಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಕಲ್ಲೆಂದು ತಿಳಿದು, ಕೂಡಲೆ ನೀರಿನಿಂದ ತೊಳೆದುಬಿಡಿರಿ.

ವೈದ್ಯನು ಮೊದಲು ನಿದಾನ ಮಾಡಿ, ಎಂದರೆ ರೋಗದ ಮೂಲವನ್ನರಿತು, ಅನಂತರ ಔಷಧ ಕೊಡುತ್ತಾನೆ. ಕಲೆಗಳ ವಿಷಯದಲ್ಲಿಯೂ ಕ್ರಮವು ಅದೇ.

ಎಣ್ಣೆಯ ಕಲೆಯು ಕಲ್ಲಿನ ಸೂಕ್ಷ್ಮರಂಧ್ರಗಳೊಳಗೆ ಇಳಿದಿರುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಬಾರದು, ಹೀರಿ ತೆಗೆಯಬೇಕು. ಮುಲ್ತಾನಿ ಮಣ್ಣಿಗೆ ತುಸು ತೊಳೆಯುವ ಸೋಡಾ ಬೆರೆಸಿ, ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಕಲೆಗಿಂತ ಎರಡು ಬೆರಳು ಹೆಚ್ಚಿನ ಅಗಲಕ್ಕೆ, ಅರ್ಧ ಅಂಗುಲ ದಪ್ಪವಾಗಿ ಲೇಪಿಸಿರಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಬಳಿಕ ಹಾಳೆ ತೆಗೆದು ಲೇಪವು ತಾನಾಗಿ ಒಣಗುವವರೆಗೆ ಕಾಯಿರಿ. ಒಣಗುವಾಗಲೇ ಅದು ಎಣ್ಣೆಯನ್ನು ಮೇಲಕ್ಕೆಳೆಯುವುದು. ಆಮೇಲೆ ಮರದ ಚಕ್ಕೆಯಿಂದ ಕೆರೆದು ತೊಳೆಯಿರಿ. ಹಳೆಯ ಕಲೆಯಾದರೆ ಇದನ್ನೇ ಮೂರು ನಾಲ್ಕು ಸಲ ಮಾಡಬೇಕಾದೀತು.

ಅರಿಸಿನದ ಕಲೆಗೆ ಸೋಡಾ ಹಾಕಬಾರದು. ಅರಿಸಿನಕ್ಕೆ ಕ್ಷಾರ ಸೇರಿದರೆ ಕೆಂಪಾಗುವುದೆಂಬುದು ಮನೆಯಲ್ಲಿ ಕುಂಕುಮ ಮಾಡಿದವರಿಗೆ ಗೊತ್ತೇ ಇದೆ. ಅದಕ್ಕೆ ಸೂರ್ಯನೇ ವೈದ್ಯನು. ತೊಳೆದು ಬಿಸಿಲಿಗೆ ಬಿಟ್ಟರೆ ಕೆಲವು ದಿನಗಳಲ್ಲಿ ಮಾಸುವುದು. ತಾಂಬೂಲದ ಕಲೆಗೆ, ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದೇ ಮಣ್ಣನ್ನು ಸೋಡಾವಿಲ್ಲದೆ ಕಲಸಿ ಲೇಪಿಸಬಹುದು. ಕೈಗೆ ರಬ್ಬರಿನ ಚೀಲವಿರಲಿ. ಕಪ್ಪು ಕಲ್ಲು ಬಣ್ಣಗೆಡಬಹುದಾದುದರಿಂದ ಮೊದಲು ಮೂಲೆಯಲ್ಲಿ ಪರೀಕ್ಷಿಸಿರಿ.

ಮಳೆಗಾಲದ ಹಸಿರು ಪಾಚಿಯು ಮುದುಕರ ಸೊಂಟಕ್ಕೆ ಶತ್ರು. ಒಣಗಿದ ದಿನ ಬಿರುಸಾದ ನಾರಿನ ಪೊರಕೆಯಿಂದ ಕೆರೆದು, ಒಂದು ಲೀಟರು ನೀರಿಗೆ ಒಂದು ಚಿಕ್ಕ ಚಮಚೆ ಬ್ಲೀಚಿಂಗ್ ಪುಡಿ ಕದಡಿ ತಿಳಿನೀರನ್ನು ಹಾಕಿ, ಕಾಲು ಗಂಟೆಯ ಮೇಲೆ ಚೆನ್ನಾಗಿ ತೊಳೆಯಿರಿ. ನೆಲದಿಂದ ಮೇಲೇರುವ ಬಿಳಿಯ ಉಪ್ಪಿಗಾದರೋ ನೀರೇ ಬೇಡ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗಿಳಿಯುವುದು. ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು.

ಕಬ್ಬಿಣದ ತುಕ್ಕು ಎಲ್ಲಕ್ಕಿಂತ ಹಟಮಾರಿ. ಅಂಗಡಿಯಲ್ಲಿ ಮಾರುವ ತುಕ್ಕುನಾಶಕಗಳು ಬಹುಮಟ್ಟಿಗೆ ಆಮ್ಲಗಳೇ ಆಗಿರುವುದರಿಂದ ಶಹಾಬಾದದ ಕಲ್ಲಿಗೆ ಸಲ್ಲವು. ಬಕೀಟು, ಕುರ್ಚಿಗಳ ಕೆಳಗೆ ಹಲಗೆಯಿಡುವುದೇ ಲೇಸು.

ಒಂದು ಎಚ್ಚರಿಕೆಯನ್ನು ಮರೆಯಬೇಡಿರಿ: ಬ್ಲೀಚಿಂಗ್ ಪುಡಿಗೆ ಆ್ಯಸಿಡ್ಡನ್ನಾಗಲಿ ಹುಳಿಯನ್ನಾಗಲಿ ಎಂದೂ ಸೇರಿಸಬಾರದು. ಅದರಿಂದೇಳುವ ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ನನ್ನ ತುಲಸಿಕಟ್ಟೆಯ ಕಲ್ಲಿನ ಎಣ್ಣೆಯು ಮಣ್ಣಿನ ಲೇಪದಿಂದ ನಾಲ್ಕು ಸಲಕ್ಕೆ ಬಹುತೇಕ ಹೋಯಿತು. ಬಿಳಿಚಿದ ಜಾಗವು ಹೋಗಲಿಲ್ಲ. ಸಾಣೆಕಲ್ಲು ಹಿಡಿದು ನೀರುಣಿಸಿ ಉಜ್ಜಿದರೆ ಹೊಳಪು ಬರುವುದೆಂದು ಆ ಹಿರಿಯನು ಹೇಳಿದನು. ಬರಬಹುದು, ಆದರೆ ಅದು ಸಾಣೆಯ ಹೊಳಪು, ನನ್ನ ತಾಯಿಯವರ ಕಾಲಡಿಯ ಹೊಳಪಲ್ಲ. ಈ ಕೆಲಸಕ್ಕೆ ನಿದಾನವೂ ಬೇಕು, ನಿಧಾನವೂ ಬೇಕು. ಈ ಎರಡು ಶಬ್ದಗಳ ಭೇದವನ್ನು ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದವನು, ಆ ದೀಪಾವಳಿಯಂದು ಎರಡನ್ನೂ ಮರೆತಿದ್ದೆನು. ನೀವು ಮರೆಯದಿರಿ.