ಗಣಕಯಂತ್ರದ ಆಟಗಳಲ್ಲಿ ವಿಮಾನಯಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಕ್ಕಳಿಗೆ ವಿಮಾನವೆಂಬುದು ಬಹುಕಾಲ ಆಕಾಶದಲ್ಲಿ ಮೂಡುವ ಬಿಳಿಯ ಗೆರೆಯಷ್ಟೇ ಆಗಿತ್ತು. 2017ರಲ್ಲಿ ತೋರಣಗಲ್ಲಿನ ಬಳಿಯ ವಿದ್ಯಾನಗರ ನಿಲ್ದಾಣವು ಉಡಾನ್ ಯೋಜನೆಗೆ ಸೇರಿದಾಗ ಅದು ತುಸು ಸಮೀಪಕ್ಕೆ ಬಂದಿತು. ಗಣಕಯಂತ್ರದ ಆಟಗಳಾದರೋ ಅದನ್ನು ಅವರ ಕೈಗೇ ಒಪ್ಪಿಸಿವೆ. ಆದರೆ ಈ ಆಟಗಳಲ್ಲಿ ಎರಡು ಬಗೆಗಳುಂಟು. ಅವುಗಳ ಅಂತರವನ್ನು ಶಿಕ್ಷಕರೂ ದಾನಿಗಳೂ ಅರಿಯುವುದು ಅವಶ್ಯಕ.

2002ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 1942ರಂತಹ ಶೂಟರ್ ಆಟಗಳಲ್ಲಿ ವಿಮಾನವು ಕಾಲಾಳು, ಟ್ಯಾಂಕುಗಳೊಡನೆ ಒಂದೇ ಕಿರಿದಾದ ರಣರಂಗದಲ್ಲಿ ಕಾದಬೇಕು. ಕ್ಷಣಾರ್ಧದಲ್ಲಿ ತಿರುಗಿ ಗುರಿಯ ಮೇಲೆ ಎರಗಲು ಅನುವಾಗುವಂತೆ ಗಾಳಿಯ ನಿಯಮಗಳನ್ನು ಅಲ್ಲಿ ಸಡಿಲಿಸಲಾಗಿರುತ್ತದೆ. ಮೂತಿ ತಿರುಗಿದತ್ತ ವಿಮಾನ ಸಾಗುತ್ತದೆ. ನೆಲಕ್ಕಪ್ಪಳಿಸಿದರೂ ಆಟಗಾರ ಮತ್ತೆ ಹುಟ್ಟಿಬರುತ್ತಾನೆ. ಅದರ ಉಲ್ಲಾಸವನ್ನು ಅಲ್ಲಗಳೆಯಲಾಗದು.

ಸಿಮ್ಯುಲೇಟರ್‌ನ ದಾರಿ ಬೇರೆ. ಅಲ್ಲಿ ಗಾಳಿಯು ಪ್ರತಿಯೊಂದು ಚಲನೆಗೂ ಲೆಕ್ಕ ಕೇಳುತ್ತದೆ. ಸೆಸ್ನಾ 172 ಎಂಬ ಪುಟ್ಟ ವಿಮಾನದ ವೇಗವು ನೇರ ಹಾರಾಟದಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರಿಗಿಂತ ಇಳಿದರೆ ರೆಕ್ಕೆಗಳು ಭಾರವನ್ನು ಹೊರಲಾರವು. ಎತ್ತರ ತಗ್ಗದಂತೆ 60 ಡಿಗ್ರಿ ವಾಲಿ ತಿರುಗುವಾಗ ಅವು ಇಮ್ಮಡಿ ಭಾರ ಹೊರಬೇಕಾಗಿ, ಆ ಮಿತಿಯು 127ರ ಸಮೀಪಕ್ಕೇರುತ್ತದೆ. ಆಸರೆ ತಪ್ಪಿ ಕುಸಿಯುವಾಗ ಬಾಲಕನ ಕೈ ಸಹಜವಾಗಿ ಮೂತಿಯನ್ನು ಮೇಲೆತ್ತಲು ಹವಣಿಸುತ್ತದೆ. ಉಳಿಯುವ ಉಪಾಯವಾದರೋ ಮೂತಿಯನ್ನು ತಗ್ಗಿಸಿ ವೇಗವನ್ನು ಮರಳಿ ಪಡೆಯುವುದು. ಭೌತಶಾಸ್ತ್ರದ ಈ ಪಾಠವನ್ನು ಶೂಟರ್ ಆಟವು ಕಲಿಸುವುದು ವಿರಳ.

ಮೇಜಿನ ಮೇಲಿನ ಸಿಮ್ಯುಲೇಟರ್ ಕೂಡ ಪರಿಪೂರ್ಣವಲ್ಲ. ತಿರುವಿನಲ್ಲಿ ಮೈ ಭಾರವಾಗುವ ಅನುಭವವನ್ನು ಕುರ್ಚಿ ಕೊಡಲಾರದು. ಆಷಾಢದ ಗಾಳಿಗೆ ಪಟ ಹಾರಿಸುವ ಹುಡುಗನ ಬೆರಳಿಗೆ ದಾರದ ಸೆಳೆತವಾದರೂ ತಿಳಿಯುತ್ತದೆ. ಇಲ್ಲಿ ಅದೂ ಇಲ್ಲ. ಆದರೂ ಗಾಳಿಯ ಉತ್ತರವನ್ನು ಸೂಚಕಗಳ ಮುಳ್ಳುಗಳಲ್ಲಿ ಓದುವ ತಾಳ್ಮೆಯನ್ನು ಅದು ಬೆಳೆಸುತ್ತದೆ. ಎಡ್ವಿನ್ ಲಿಂಕ್ ರೂಪಿಸಿದ ತರಬೇತಿ ಯಂತ್ರದಲ್ಲಿ ಎರಡನೆಯ ಮಹಾಯುದ್ಧಕಾಲದ ವಿಮಾನಚಾಲಕರು ಅಭ್ಯಸಿಸಿದ್ದೂ ಇದನ್ನೇ.

1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. 2001ರ ಜನವರಿ 4ರಂದು ತೇಜಸ್ ಅಲ್ಲಿಯೇ ಮೊದಲ ಬಾರಿ ಹಾರಿತು. ಅಂತಹ ಕಾರ್ಯಕ್ಕೆ ಈ ತಾಲ್ಲೂಕುಗಳ ಮಕ್ಕಳೂ ಅರ್ಹರೇ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ 1997ರಿಂದ ಉಚಿತವಾಗಿ ದೊರೆಯುತ್ತಿದೆ. ಶಾಲೆಗೆ ಗಣಕಯಂತ್ರಗಳನ್ನು ಕೊಡುವ ದಾನಿಗಳು ಅದರೊಡನೆ ಒಂದು ಜಾಯ್‌ಸ್ಟಿಕ್ಕನ್ನೂ, ವಿಜ್ಞಾನ ಶಿಕ್ಷಕರು ವಾರಕ್ಕೊಂದು ಅವಧಿಯನ್ನೂ ನೀಡಿದರೆ ಸಾಕು. ಆಟದ ಉಲ್ಲಾಸ ಮಕ್ಕಳಿಗೆ ತಾನಾಗಿಯೇ ದಕ್ಕುತ್ತದೆ. ಹಾರಾಟದ ಶಿಸ್ತನ್ನು ಶಾಲೆಯೇ ಕೊಡಬೇಕು.